ಹೊಸ ಕಾರ್ಖಾನೆಗಳ ವಿಳಾಸ

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಕ್ಷೇತ್ರ ತನಿಖಾಧಿಕಾರಿಯಾಗಿದ್ದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಹೊಸದಾಗಿ ಹುಟ್ಟಿಕೊಂಡ ಸಣ್ಣ ಕಾರ್ಖಾನೆಗಳನ್ನು ಗುರುತಿಸುವುದು ನನ್ನ ಕೆಲಸ. ಆಗ ಉಕ್ಕಿನ ತಗಡಿಗೆ ವಿಪರೀತ ಅಭಾವ. ಗುರುತಾದವರಿಗೆ ಮಾತ್ರ ಸರ್ಕಾರದ ದರದಲ್ಲಿ ತಗಡು ಸಿಗುತ್ತಿತ್ತು.

ನೋಂದಣಿ ಪುಸ್ತಕ ಹಿಡಿದು ರಾಜಾಜಿನಗರ ಸುತ್ತಿದೆ. ಅದರಲ್ಲಿದ್ದ ಒಂದು ಕಾರ್ಖಾನೆಯ ಜಾಗದಲ್ಲಿ ಎಮ್ಮೆ ಕಟ್ಟಿದ್ದರು. ಇನ್ನೊಂದು ಯಾವಾಗಲೋ ಮುಚ್ಚಿತ್ತು. ಪಕ್ಕದ ಬೀದಿಯಲ್ಲಿ ದಡದಡ ಸದ್ದು ಮಾಡುತ್ತಿದ್ದ ಶೆಡ್ಡಿನ ಹೆಸರೇ ಪುಸ್ತಕದಲ್ಲಿರಲಿಲ್ಲ. ಅರ್ಜಿ ಹಾಕಿದವರ ವಿವರವಷ್ಟೇ ನಮ್ಮಲ್ಲಿತ್ತು, ದುಡಿಯುತ್ತಿದ್ದವರದಲ್ಲ. ಯಂತ್ರ ಓಡಬೇಕಾದರೆ ತ್ರೀ ಫೇಸ್ ಕರೆಂಟ್, ಅಂದರೆ ದೊಡ್ಡ ಮೋಟಾರುಗಳಿಗೆ ಕೊಡುವ ವಿದ್ಯುತ್ ಸಂಪರ್ಕ, ಬೇಕೇ ಬೇಕು. ಹಾಗಾಗಿ ವಿದ್ಯುತ್ ಕಚೇರಿಯಿಂದ ಹೊಸ ಸಂಪರ್ಕಗಳ ವಿಳಾಸ ತಂದು ಹುಡುಕಿದೆ. ಹೋದ ಕಡೆಯಲ್ಲೆಲ್ಲ ಯಂತ್ರ ಸಿಕ್ಕಿತು. ಈ ದಾರಿಯನ್ನು ಇಲಾಖೆಗೆ ಕೊಟ್ಟ ವರದಿಯಲ್ಲೂ ಬರೆದೆ.

ವಿಜಯನಗರದ ಒಂದು ಮನೆಯ ಬಾಗಿಲು ತಟ್ಟಿದಾಗ ಹಿತ್ತಲಿನ ಸದ್ದು ತಟ್ಟನೆ ನಿಂತಿತು. ಬಾಗಿಲು ತೆರೆದ ಜಯಮ್ಮ, "ಇಲ್ಲೇನೂ ಇಲ್ಲ ಸಾರ್, ಬರೀ ಮನೆ," ಎಂದರು.

ತಗಡಿನ ವಿಷಯ ಹೇಳಿದ ಮೇಲೆ ಅವರ ಗಂಡ ಶಿವಣ್ಣ ಕೈ ಒರೆಸಿಕೊಳ್ಳುತ್ತ ಹೊರಬಂದರು. ದುಡಿಯುತ್ತಿದ್ದ ಕಂಪನಿ ಬೀಗ ಹಾಕಿದ ಮೇಲೆ, ತಗಡು ಒತ್ತುವ ಹಳೆಯ ಪವರ್ ಪ್ರೆಸ್ ಒಂದನ್ನು ಕೊಂಡು ಟ್ರಂಕಿನ ಚಿಲಕ ಮಾಡುತ್ತಿದ್ದರು. ತಗಡು ಸಾಲದೆ ಪ್ರೆಸ್ ಎಷ್ಟೋ ದಿನ ಸುಮ್ಮನೆ ನಿಂತಿರುತ್ತಿತ್ತು. ನನ್ನನ್ನು ನಂಬಿ ಎಲ್ಲ ಬರೆಸಿದರು.

ಕೆಲವೇ ದಿನಗಳಲ್ಲಿ ನಮ್ಮ ಮೇಲಧಿಕಾರಿ ಕರೆದರು. "ಆ ವಿಳಾಸಗಳದ್ದು ಇನ್ನೊಂದು ಪ್ರತಿ ಮಾಡ್ಕೊಡ್ರೀ. ಮನೆಗಳ ಮಧ್ಯೆ ಮಿಷನ್ ಇಟ್ಟಿರೋರಿಗೆ ಖಾಲಿ ಮಾಡಿ ಅಂತ ಕಾರ್ಪೊರೇಷನ್ನೋರು ನೋಟಿಸ್ ಕೊಡ್ತಾರಂತೆ."

"ತಗಡು ಕೊಡಿಸ್ತೀವಿ ಅಂತ ಹೇಳಿ ತಗೊಂಡಿದ್ದು ಸಾರ್. ನಾನು ಕೊಡಲ್ಲ," ಎಂದೆ. ಅದನ್ನೇ ಬರೆದೂ ಕೊಟ್ಟೆ.

ಅವರು ಕೋಪಿಸಿಕೊಳ್ಳಲಿಲ್ಲ. "ನೀವು ಕೊಡದಿದ್ರೆ ಏನಂತೆ? ಕರೆಂಟ್ ಆಫೀಸಲ್ಲಿ ಸಿಗುತ್ತೆ ಅಂತ ನೀವೇ ರಿಪೋರ್ಟಲ್ಲಿ ಬರೆದಿದೀರಲ್ಲ."

ಸಂಜೆ ವಿಜಯನಗರಕ್ಕೆ ಹೋಗಿ ವಿಷಯ ತಿಳಿಸಿದೆ. ಜಯಮ್ಮ, "ಅವತ್ತು ಬಾಗಿಲು ತೆಗೀಬಾರ್ದಿತ್ತು," ಎಂದರು.

ನೋಟಿಸ್ ಬರುವ ಮುನ್ನವೇ ಅವರು ಪ್ರೆಸ್ಸನ್ನು ಗಾಡಿಗೆ ಹೇರಿಸಿಕೊಂಡು ಕೆಂಗೇರಿ ಕಡೆಯ ಬಾಡಿಗೆ ಶೆಡ್ಡಿಗೆ ಹೋದರು. ಅಷ್ಟರಲ್ಲಿ ತಗಡು ಮಂಜೂರಾಯಿತು, ಆದರೆ ಹಳೆಯ ವಿಳಾಸಕ್ಕೆ. ವಿಳಾಸ ಬದಲಿಸಲು ಹೊಸ ಜಾಗವನ್ನು ಕಣ್ಣಾರೆ ನೋಡಿ ದೃಢೀಕರಿಸಬೇಕಿತ್ತು, ನಾನೇ ಹೋದೆ.

"ಈ ವಿಳಾಸ ಇನ್ನೂ ಯಾರ ಕೈಗೆಲ್ಲ ಹೋಗುತ್ತೆ ಸಾರ್?" ಎಂದು ಶಿವಣ್ಣ ಕೇಳಿದರು.

"ನಾನಾಗಿ ಯಾರಿಗೂ ಕೊಡಲ್ಲ. ಆಫೀಸಿನವರು ಏನ್ಮಾಡ್ತಾರೋ, ಅದು ನಂಗೊತ್ತಿಲ್ಲ."

ಅವರು ಹೆಂಡತಿಯ ಮುಖ ನೋಡಿದರು. ಜಯಮ್ಮ, "ಬರ್ಕೊಳ್ಳಿ," ಎಂದರು.

ಹೊಸ ಉದ್ಯಮಗಳ ನಿಜವಾದ ಮಾಹಿತಿ ಎಲ್ಲಿ ಸಿಗುತ್ತದೆ ಎಂದು ಆ ವರ್ಷ ಕಲಿತೆ. ಅದನ್ನು ಕೊಡುವವರಿಗೆ ಏನಾಗುತ್ತದೆ ಎಂಬುದನ್ನೂ ಕಲಿತೆ. ಅಲ್ಲಿಂದ ನಿವೃತ್ತನಾಗುವವರೆಗೂ, ಮೊದಲ ಪ್ರಶ್ನೆಗೆ ಮುಂಚೆ, ಉತ್ತರವನ್ನು ಯಾರು ಯಾರು ಓದಬಹುದು ಎಂದು ಹೇಳಿಬಿಡುತ್ತಿದ್ದೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಬಾಗಿಲನ್ನು ನಾನು ಮತ್ತೆ ತಟ್ಟುತ್ತಿರಲಿಲ್ಲ.