ಕಲ್ಯಾಣ ಮಂಟಪದಲ್ಲಿ ರಕ್ತದ ಸಭೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಲ್ಯಾಬ್ ಎಂದರೆ ಒಂದು ಕೋಣೆ, ಒಂದು ಮೈಕ್ರೋಸ್ಕೋಪು ಮತ್ತು ನಾನು. ನಾನು ಬರೆದುಕೊಟ್ಟ ಚೀಟಿಯನ್ನು ಡಾಕ್ಟರು ಮರುಮಾತಿಲ್ಲದೆ ನಂಬುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೋಡು ಮೂಡಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಬಾಗಲೂರು ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಹುರುಳಿಕಾಯಿ, ಸೊಪ್ಪು ಬೆಳೆದು ಹೊಸೂರಿನ ಮಾರ್ಕೆಟ್ಟಿಗೆ ತರುವವಳು. ಅವಳ ಕತ್ತಿನಲ್ಲಿ ಮೂಸಂಬಿ ಗಾತ್ರದ ಗಡ್ಡೆ. ಮುದ್ದೆ ನುಂಗಲಾಗದು, ಮಲಗಿದರೆ ಉಸಿರು ಕಟ್ಟುವುದು. ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಆಪರೇಷನ್ ಆಗಲೇಬೇಕಿತ್ತು. ಅದಕ್ಕೆ ಮುಂಚೆ ನನ್ನ ಪರೀಕ್ಷೆ: ಕಿವಿಯ ತುದಿಗೆ ಸೂಜಿ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಕಾಗದದಿಂದ ರಕ್ತ ಒತ್ತಿ, ಎಷ್ಟು ಹೊತ್ತಿಗೆ ನಿಲ್ಲುತ್ತದೆಂದು ನೋಡುವುದು. ಮೂರು ನಾಲ್ಕು ನಿಮಿಷಕ್ಕೆ ನಿಲ್ಲಬೇಕಾದದ್ದು ಅವಳಿಗೆ ಹತ್ತಾದರೂ ಜಿನುಗುತ್ತಲೇ ಇರುತ್ತಿತ್ತು. ಕತ್ತು ಕೊಯ್ದ ಮೇಲೆ ಹೀಗಾದರೆ ಗತಿಯೇನು? ಡಾಕ್ಟರು ಮೂರು ಸಲ ಆಪರೇಷನ್ ಮುಂದೂಡಿದರು; ಹೀಗೇ ತಿಂಗಳುಗಳು ಕಳೆದವು.

"ಔಷಧಿ ಏನಾದ್ರೂ ತಗೊಂಡಿದ್ದೀಯೇನಮ್ಮ?" ಎಂದು ಮೂರು ಸಲವೂ ಕೇಳಿದ್ದೆ.

"ನಾನೆಲ್ಲಿ ಔಸ್ದಿ ತಕಂಡೆ ಅಣ್ಣಯ್ಯ, ಇಲ್ವೇ ಇಲ್ಲ" ಎಂದು ಮೂರು ಸಲವೂ ಹೇಳಿದ್ದಳು.

ಹಾಗಾದರೆ ಇದು ಅಪರೂಪದ ರಕ್ತದ ಕಾಯಿಲೆಯೇ ಎಂದು ಡಾಕ್ಟರಿಗೆ ಖಾತ್ರಿಯಾಯಿತು. ಸುತ್ತಮುತ್ತಲಿನ ಡಾಕ್ಟರುಗಳೆಲ್ಲ ಸೇರಿ ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಒಂದು ಭಾನುವಾರ ಸಭೆ ಇಟ್ಟುಕೊಂಡಿದ್ದರು. ಬೆಂಗಳೂರಿನ ಪ್ರೊಫೆಸರೊಬ್ಬರು ಯಂತ್ರ ಸಮೇತ ಬಂದು ಇವಳ ರಕ್ತ ನೋಡಿ ಕಾಯಿಲೆ ಯಾವುದೆಂದು ಹೇಳುವುದೆಂದಾಯಿತು. ಅವರೂ ಕೈ ಚೆಲ್ಲಿದರೆ ಆಪರೇಷನ್ನಿನ ಆಸೆ ಬಿಟ್ಟಂತೆಯೇ.

ಸಭೆ ನಡೆದದ್ದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಬಾಳೆಕಂದು ಬಾಗಿಲಲ್ಲಿ ಇನ್ನೂ ಬಾಡಿರಲಿಲ್ಲ. ವೇದಿಕೆಯ ಮೇಲೆ ಗಂಡುಹೆಣ್ಣಿನ ಎರಡು ಕೆಂಪು ಮಖಮಲ್ಲಿನ ಕುರ್ಚಿ. ಒಂದರಲ್ಲಿ ಪ್ರೊಫೆಸರು ಕೂತರು. ಇನ್ನೊಂದರಲ್ಲಿ ಅವಳನ್ನು ಕೂರಿಸಿದೆವು. ಪಾಪ, ನಾಚಿಕೊಂಡು ಸೆರಗು ಬಾಯಿಗೆ ತುರುಕಿಕೊಂಡಳು.

ಪ್ಲೇಟ್‌ಲೆಟ್ಟುಗಳನ್ನು ಪ್ರೊಫೆಸರ ಯಂತ್ರ ಪರೀಕ್ಷಿಸುತ್ತಿತ್ತು; ಅವು ರಕ್ತದೊಳಗಿನ ಸಣ್ಣ ಕಣಗಳು. ಗಾಯವಾದ ಕಡೆ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುವುದು ಅವುಗಳ ಕೆಲಸ. ಅವು ಚೆನ್ನಾಗಿ ಅಂಟಿದರೆ ಯಂತ್ರದ ಪೆನ್ನು ಕಾಗದದ ಮೇಲೆ ಏರುತ್ತದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕೆಂದರು. ನಾನು ಅಂಗಿಯ ತೋಳು ಮಡಚಿ ಮುಂದೆ ನಿಂತೆ.

ಮೊದಲು ಅವಳದು. ಪೆನ್ನು ಒಂದಿಷ್ಟು ಎದ್ದು, ಸುಸ್ತಾದಂತೆ ಕೆಳಗಿಳಿಯಿತು. ನಮ್ಮ ಡಾಕ್ಟರ ಮುಖ ಅರಳಿತು. ಆಮೇಲೆ ನನ್ನದು. ಅದೂ ಒಂದಿಷ್ಟು ಎದ್ದಿತು, ಇಳಿಯಿತು. ಇನ್ನೊಮ್ಮೆ ಮಾಡಿದರು. ಅದೇ ಗೆರೆ.

"ಅಣ್ಣನ್ ತಂಗಚ್ಚಿಯಾ?" ಎಂದರು ಕೃಷ್ಣಗಿರಿಯ ಡಾಕ್ಟರೊಬ್ಬರು ತಮಿಳಿನಲ್ಲಿ, ಅಣ್ಣ ತಂಗಿಯರಾ ಎಂದು. ಮಂಟಪವೆಲ್ಲ ನಕ್ಕಿತು.

ಪ್ರೊಫೆಸರು ನಗಲಿಲ್ಲ. "ತಲೆನೋವಿಗೆ ಏನಾದರೂ ನುಂಗಿದ್ದೀರಾ, ಇಬ್ಬರೂ?" ಎಂದರು.

"ನಾನು ಔಷಧಿ ಮುಟ್ಟೋನೇ ಅಲ್ಲ ಸಾರ್" ಎಂದೆ, ಬಿಗುಮಾನದಿಂದ.

ಅವಳು ಸೆರಗು ಬಾಯಿಂದ ತೆಗೆದು ಕೇಳಿದಳು: "ಟೀ ಜೊತ್ಗೆ ನುಂಗೋ ಮಾತ್ರೆನೂ ಹೇಳ್ಬೇಕಾ ಸಾಮಿ?"

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಆಗ ಎಲ್ಲರೂ "ಒಂದು ಟೀ, ಒಂದು ಮಾತ್ರೆ" ಎಂದೇ ಕೇಳುತ್ತಿದ್ದರು. ಶಿಫ್ಟಿಗೆ ಹೋಗುವವರು, ಬುಟ್ಟಿ ಹೊತ್ತು ಬಂದವರು, ಸಂಜೆ ನಾಲ್ಕಕ್ಕೆ ತಪ್ಪದೆ ನಾನು. ಅಂಗಡಿಯವನು ಬಿಸ್ಕತ್ತಿನ ಪಕ್ಕದ ಡಬ್ಬಿಯಿಂದ ತಲೆನೋವಿನ ಮಾತ್ರೆ ತೆಗೆದು ಲೋಟದ ಜೊತೆಗೇ ಇಡುತ್ತಿದ್ದ. ಡಾಕ್ಟರು ಬರೆದುಕೊಟ್ಟದ್ದು ಔಷಧಿ. ಇದು ಎಲೆ ಅಡಿಕೆ ಹಾಗೆ ಬರೀ ಅಭ್ಯಾಸ.

"ಆಸ್ಪಿರಿನ್" ಎಂದರು ಪ್ರೊಫೆಸರು. "ಒಂದು ಮಾತ್ರೆ ಸಾಕು, ವಾರ ಹತ್ತು ದಿನ ಈ ಕಣಗಳು ಸರಿಯಾಗಿ ಅಂಟೋದಿಲ್ಲ. ನಿಮ್ಮ ರೋಗಿಗೆ ಯಾವ ರಕ್ತದ ಕಾಯಿಲೆಯೂ ಇರಲಾರದು."

ಕೈಗೆ ಬಂದ ಅಪರೂಪದ ಕಾಯಿಲೆ ಜಾರಿದ್ದಕ್ಕೆ ನಮ್ಮ ಡಾಕ್ಟರು ಒಂದು ಗಳಿಗೆ ಪೆಚ್ಚಾದರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಆ ಅಂಗಡಿಯಲ್ಲಿ ಅವಳು ನನ್ನ ಪಕ್ಕದಲ್ಲೇ ನಿಂತು ಮಾತ್ರೆ ನುಂಗಿದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ.

ಹದಿನೈದು ದಿನ ಅವಳು ಮಾತ್ರೆ ಬಿಟ್ಟಳು. ತಲೆ ಸಿಡಿಯುತ್ತದೆಂದು ಪ್ರೊಫೆಸರಿಗೆ ಬಾಯಿ ತುಂಬ ಶಾಪ ಹಾಕಿದಳು. ಮತ್ತೆ ಕಿವಿ ಚುಚ್ಚಿದಾಗ ರಕ್ತ ಮೂರೂವರೆ ನಿಮಿಷಕ್ಕೆ ನಿಂತಿತು. ಆಪರೇಷನ್ ಸಲೀಸಾಗಿ ಆಯಿತು.

ಹೊಲಿಗೆ ಬಿಚ್ಚಿಸಿಕೊಂಡ ದಿನ ಅವಳು ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಆಪರೇಷನ್ನಿನಿಂದ ದನಿ ಇನ್ನೂ ಒಡೆದಿತ್ತು.

"ಆ ಮಾತ್ರೆ ಮೊದ್ಲೇ ಬಿಟ್ಟಿದ್ರೆ, ಇದೂ ಮೊದ್ಲೇ ಆಗ್ಬುಡ್ತಿತ್ತಾ ಅಣ್ಣಯ್ಯ?"

ಸುಳ್ಳು ಹೇಳುವುದು ಕಷ್ಟವಿರಲಿಲ್ಲ. ಆದರೂ "ಹೂಂ" ಎಂದೆ. "ನಾನೇ ಸರಿಯಾಗಿ ಕೇಳಲಿಲ್ಲ. ತಪ್ಪು ನನ್ನದು ಕಣಮ್ಮ."

ಅವಳು ನನ್ನನ್ನೇ ನೋಡಿದಳು.

"ಎಂಟ್ ತಿಂಗ್ಳು" ಎಂದಳು, ಅಷ್ಟೇ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.