ಮೂರಕ್ಕೇ ನಿಲ್ಲುತ್ತಿದ್ದ ಆಯಿ

ಫೆಬ್ರುವರಿ ಎಂಟು, ಭಾನುವಾರ. ಮಧ್ಯಾಹ್ನ ಎರಡೂ ಹತ್ತಕ್ಕೆ, ಪತ್ರಿಕೆಗೆ ಕಳಿಸಲೆಂದು ಇದನ್ನು ಬರೆಯಲು ಕೂತೆ. ಮಗಳು ಮಲಗಿದ್ದಾಳೆ. ಏಳಲು ಒಂದು ತಾಸು ಹಿಡಿಯಬಹುದು, ಹಿಡಿಯದೆಯೂ ಇರಬಹುದು.

ಆಯಿಯ ಎರಡೂ ಕಾಲಿನ ಹರಡಿನ ಹೊರಬದಿಯಲ್ಲಿ ಬಾರೀಹಣ್ಣಿನಷ್ಟು ದಪ್ಪದ ಕಪ್ಪು ಗಂಟುಗಳಿದ್ದವು. ಒಣಗಿದ ತೊಗಲಿನ ಹಾಗೆ ಗಟ್ಟಿ. ಮೊದಲ ಸಲ ಕಂಡಾಗ ಏನಾದರೂ ರೋಗವೇನೋ ಎಂದು ಕೇಳಿದ್ದೆ. "ರೋಗ ಎಲ್ಲಿಂದು ತಂಗಿ, ನೆಲದ ಮ್ಯಾಲ ಕೂತಿದ್ದರ ಪಗಾರ ಅದು" ಎಂದು ನಕ್ಕರು. ಅವರು ಕಮಲಾಪುರದ ಒಂದು ಅಂಗನವಾಡಿಯಲ್ಲಿ ಟೀಚರ್ ಆಗಿದ್ದವರು. ಅಲ್ಲಿ ಒಂದು ಕುರ್ಚಿ ಇತ್ತಂತೆ. ಅದರ ಮೇಲೆ ಬೇಳೆಯ ಡಬ್ಬಿ ಇಡುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಕಲಬುರಗಿಯಲ್ಲಿ ಮಗನ ಮನೆಗೆ ಬಂದಿದ್ದರು. ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ನಮ್ಮ ಬಾಡಿಗೆ ಮನೆಯ ಮಗ್ಗುಲಿನ ಮನೆ ಅದು. ಓಣಿಯ ಮಂದಿಯೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಅಂದೆ.

ನನಗೆ ವಹಿಯಲ್ಲಿ ಬರೆದಿಡುವ ಚಟ. ನಳ ಬಂದ ದಿನ, ಮಗಳ ಜ್ವರ ಏರಿದ ಹೊತ್ತು, ಎಲ್ಲಕ್ಕೂ ಗೀಟು ಹಾಕಿ ಎಣಿಸುತ್ತೇನೆ. ಕಳೆದ ಜೂನಿನಲ್ಲಿ ಮಗಳಿಗೆ ಮೂರು ತುಂಬಿತು. ಊರಿನ ದೊಡ್ಡ ಗುಡಿಯ ಹತ್ತಿರದ ಒಂದು ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ. ಮುಗಿಸಿಕೊಂಡು, ನರ್ಸರಿಯಿಂದ ಅವಳನ್ನೂ ಕರೆದುಕೊಂಡು ಮನೆ ಸೇರುವಾಗ ಆರು. ಎಂಟರ ಹೊತ್ತಿಗೆ ನೆಲ ಕಾಣಿಸುತ್ತಿರಲಿಲ್ಲ. ಆಟದ ಸೌಟು, ಗಾಲಿ ಇಲ್ಲದ ಲಾರಿ, ಪ್ಲಾಸ್ಟಿಕ್ ಇಟ್ಟಿಗೆಗಳು. ಗಂಡನ ಕೆಲಸ ಬೀದರಿನಲ್ಲಿ, ಬರುವುದು ಶನಿವಾರ. ಉಳಿದ ದಿನ ಬಾಗುವ ಸೊಂಟ ನನ್ನದೇ.

ಜೂನ್ ಹದಿನೇಳರ ಪುಟದಲ್ಲಿ ಹೀಗಿದೆ: "'ಎತ್ತಿಡು' ಅಂದದ್ದು ಹದಿನಾಲ್ಕು ಸಲ. ದನಿ ಏರಿದ್ದು ಐದು. ಅವಳು ಅತ್ತದ್ದು ಒಮ್ಮೆ, ನಾನು ಒಮ್ಮೆ."

ಜುಲೈನಲ್ಲಿ ಒಂದು ಕಾನೂನು ಮಾಡಿದೆ. ಎಂಟು ಗಂಟೆಗೆ ನೆಲದ ಮೇಲೆ ಉಳಿದದ್ದನ್ನು ಎಣಿಸುವುದು, ಎಣಿಸಿದ್ದನ್ನು ಒಂದು ವಾರ ಅಟ್ಟಕ್ಕೆ ಹಾಕುವುದು. ಮೊದಲ ದಿನ ಇಪ್ಪತ್ಮೂರು. ಆಮೇಲೆ ಹದಿನೇಳು, ಒಂಬತ್ತು, ನಾಲ್ಕು. ಆಮೇಲೆ ಸೊನ್ನೆ. ಸತತ ಒಂಬತ್ತು ದಿನ ಸೊನ್ನೆ. ಹತ್ತನೆಯ ದಿನ ಸಂಜೆ ಆಯಿ ಬಂದಾಗ ವಹಿ ಅವರ ಕೈಗೇ ಕೊಟ್ಟೆ. ಯಾರಾದರೂ ಶಭಾಶ್ ಅನ್ನಲಿ ಎಂಬ ಆಸೆ ಇತ್ತು.

ಆಯಿ ಚಾಳೀಸು ಮೂಗಿಗೆ ಏರಿಸಿ ಪುಟ ತಿರುವಿದರು. "ಸೊನ್ನಿ ಛಂದ ಬರದಿ" ಎಂದರು. ಎದ್ದು ಮೂಲೆಯ ಆಟದ ಬುಟ್ಟಿಯ ಹತ್ತಿರ ಹೋಗಿ, ಮುಚ್ಚಳದ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳ ತುದಿಗೆ ಧೂಳು.

"ತಂಗಿ, ಈ ಬುಟ್ಟಿ ತಗದು ಎಷ್ಟ್ ದಿನಾ ಆತು?"

ಮಗಳು ಮಂಚದ ಮೇಲೆ ಗೋಡೆಗೆ ಆತು ಕೂತಿದ್ದಳು, ಕೈಯಲ್ಲಿ ಗೊಂಬೆಯ ಹಣಿಗೆಯೊಂದೇ. ಆಯಿ ಅವಳ ಕಡೆ ತಿರುಗಿ, "ಯಾಕವ್ವಾ, ಆಡವಲ್ಲಿ?" ಎಂದರು.

"ತಗದ್ರ ಮಮ್ಮಿ ಎಣಸ್ತಾಳ."

ನಾನು ಗೆದ್ದೆ ಎಂದು ಬರೆದುಕೊಂಡ ಒಂಬತ್ತೂ ದಿನ ನನ್ನ ಮಗಳು ಆಟವನ್ನೇ ಆಡಿರಲಿಲ್ಲ. ಮನೆಯಲ್ಲಿ ಅಷ್ಟು ಸದ್ದಿಲ್ಲದ್ದು ನನ್ನ ದಣಿದ ಮೈಗೆ ಸುಖವಾಗಿ ಕಂಡಿತ್ತೇ ಹೊರತು ಯಾಕೆಂದು ಕೇಳಿಕೊಂಡಿರಲಿಲ್ಲ.

ಆಯಿ ಬಯ್ಯಲಿಲ್ಲ. "ನಂದೂ ಹಿಂಗೇ ಆಗಿತ್ತು ನೋಡು. ಮ್ಯಾಲಿನ ಮೇಡಮ್ಮೋರು ಬಂದು ನೋಡ್ತಾರಂತ, ಹೊಸಾ ಸಾಮಾನೆಲ್ಲ ಪೆಟಗ್ಯಾಗ ಹಾಕಿ ಕೀಲಿ ಜಡದಿದ್ದೆ. ವರ್ಷಾ ಆದ್ರೂ ಒಂದೂ ಮುರೀಲಿಲ್ಲ. ಹುಡುಗ್ರೂ ಬರಲಿಲ್ಲ."

ಮುಂದಿನ ಭಾನುವಾರ ಕಮಲಾಪುರಕ್ಕೆ ಹೋಗಿ ಸಂಜೆಯ ಬಸ್ಸಿಗೆ ತಿರುಗಿ ಬಂದರು. ಒಂದು ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು, ಕಂಕುಳಲ್ಲಿ ಒಂದು ಹಳೆಯ ಕೌದಿ. ಅಂಗನವಾಡಿಯ ಮಕ್ಕಳ ತಾಯಂದಿರು ತಲೆಗೊಂದು ಸೀರೆಯ ತುಂಡು ಕೊಟ್ಟು ಹೊಲಿದದ್ದು. ನಾಲ್ಕು ಮೂಲೆಗೆ ನಾಲ್ಕು ಬಣ್ಣ: ಹಸಿರು, ಹಳದಿ, ಕೆಂಪು, ಕಪ್ಪು ಚೌಕಡಿ. ಕಮಲಾಪುರದಲ್ಲಿ ಕಪಾಟು ಇರಲಿಲ್ಲ. ಆಟವೆಲ್ಲ ಈ ಕೌದಿಯ ಮೇಲೆಯೇ. ಮುಗಿದ ಮೇಲೆ ನಾಲ್ಕು ಮೂಲೆ ಎತ್ತಿದರೆ ಸಾಮಾನೆಲ್ಲ ತಾನೇ ನಡುವಿಗೆ ಜಾರುತ್ತದೆ. ಗಂಟು ಕಟ್ಟಿ ಗೋಡೆಗೆ ಇಟ್ಟರೆ ಮುಗಿಯಿತು.

ಮೊದಲ ಸಂಜೆ ನಾನು ಒಲೆಯ ಹತ್ತಿರದಿಂದಲೇ, "ನೀವಿಬ್ಬರೂ ಎತ್ತ್ರಿ ಆಯಿ, ನನಗ ಅನ್ನಕ್ಕ ಇಡೂದದ" ಅಂದೆ.

"ಮೂಲಿ ನಾಕು. ಪೋರಿಗಿ ಒಂದು, ನನಗ ಎರಡು. ಉಳದಿದ್ದು ಅನ್ನ ಹಿಡೀತದೇನು? ಬಾ, ಕೂಡು."

ಹೋಗಿ ಕೂತೆ. ಮೊಣಕಾಲು ಕಟಕ್ಕೆಂದಿತು. ಮನೆಯ ನೆಲದ ಮೇಲೆ ನಾನು ಕೂತು ಎಷ್ಟು ತಿಂಗಳಾಗಿತ್ತೋ, ಅದರ ಲೆಕ್ಕ ನನ್ನ ವಹಿಯಲ್ಲಿರಲಿಲ್ಲ. ಆಯಿ ಎಣಿಸಿದರು. "ಒಂದ, ಎರಡ, ಮೂರ..." ಅಲ್ಲಿಗೆ ನಿಂತರು. ಮಗಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮೆಲ್ಲಗೆ "ನಾಕ" ಅಂದಳು. ಎತ್ತಿದೆವು. ಗಡಗಡ ಎಂದು ಎಲ್ಲ ನಡುವಿಗೆ ಬಿದ್ದದ್ದಕ್ಕೆ ಅವಳು ನಕ್ಕದ್ದು ನನಗಿನ್ನೂ ಕೇಳಿಸುತ್ತದೆ.

ದಿನಾಲೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಆಗಸ್ಟಿನಲ್ಲಿ ಒಂದು ಸಂಜೆ ಮಗಳು ಮೂಲೆ ಹಿಡಿದು ಹಟಕ್ಕೆ ಕೂತಳು. ನಾಲ್ಕು ಅನ್ನಲೊಲ್ಲಳು. ಗಡಿಯಾರ ನೋಡುತ್ತಿದ್ದೆ, ಹನ್ನೊಂದು ನಿಮಿಷ. ತಟ್ಟೆಯಲ್ಲಿ ರೊಟ್ಟಿ ಆರಿ ಸೆಟೆದುಕೊಂಡಿತು.

"ನೀವೇ ನಾಕು ಅಂದುಬಿಡ್ರಿ ಆಯಿ, ನನಗ ಸಾಕಾಗ್ಯಾದ."

"ಅದು ನಂದಲ್ಲ, ಅಕೀದು" ಎಂದರು. "ಸಾಕಾಗ್ಯಾದಂದ್ರ ಗ್ವಾಡಿಗಿ ಬೆನ್ನ ಹಚ್ಚು. ಮೂಲಿ ಮಾತ್ರ ಬಿಡಬ್ಯಾಡ."

ಬೆನ್ನು ಹಚ್ಚಿ ಕೂತೆ. ಹನ್ನೆರಡನೆಯ ನಿಮಿಷಕ್ಕೆ ಮಗಳು ಆಕಳಿಸುತ್ತಾ ನಾಲ್ಕು ಅಂದಳು.

ಜನವರಿಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಕಮಲಾಪುರದ ತಮ್ಮನ ಮನೆಗೆ ಹೋದ ಆಯಿ ಅಲ್ಲಿಯೇ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡರು. ಮಗಳನ್ನು ಕರೆದುಕೊಂಡು ಮರುದಿನ ಬೆಳಗಿನ ಬಸ್ಸಿಗೆ ಹೋದೆ. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ಚಕ್ಕಳಮಕ್ಕಳ ಹಾಕಿ ಕೂಡಿಸಿದ್ದರು. ಹರಡಿನ ಕಪ್ಪು ಗಂಟುಗಳು ವಿಭೂತಿಯ ಒಳಗಿಂದಲೂ ಕಾಣುತ್ತಿದ್ದವು. ಜೀವಮಾನವೆಲ್ಲ ಹಾಗೆ ಕೂತವರಿಗೆ ಬೇರೆ ಯಾವ ಭಂಗಿಯೂ ಹೊಂದುತ್ತಿರಲಿಲ್ಲ.

ಅಂಗಳದಲ್ಲಿ ಒಬ್ಬ ಟಂಟಂ ಡ್ರೈವರ್, ಮೂವತ್ತರ ಆಸುಪಾಸಿನವನು, ಗೋಡೆಗೆ ಒರಗಿ ನಿಂತಿದ್ದ. ಕೌದಿ ನಮ್ಮ ಮನೆಯಲ್ಲಿದೆ ಎಂದು ಯಾರೋ ಹೇಳಿದ್ದರೇನೋ, ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೇಳಿದ: "ನೀ ಯಾವ ಮೂಲಿ?"

"ಹಳದಿ."

"ನಂದು ಹಸುರು" ಎಂದು ಮುಖ ಆಚೆ ತಿರುಗಿಸಿದ.

ಮರುದಿನ ಸಂಜೆ ಎಂಟಕ್ಕೆ ನಾನು ನನ್ನ ಮೂಲೆ ಹಿಡಿದು ಮೂರರ ತನಕ ಎಣಿಸಿ ನಿಂತೆ. ಮಗಳು ಎತ್ತಲಿಲ್ಲ. ಆಯಿ ಹಿಡಿಯುತ್ತಿದ್ದ ಎರಡು ಮೂಲೆ ನೆಲದ ಮೇಲೆ ಬಿದ್ದಿದ್ದವು. ಬಹಳ ಹೊತ್ತು ನೋಡಿದಳು. ಆಮೇಲೆ ಕೆಂಪು ಮೂಲೆ ತಾನು ತೆಗೆದುಕೊಂಡು, ಕಪ್ಪು ಮೂಲೆಯನ್ನು ಎಳೆದು ತಂದು ನನ್ನ ಖಾಲಿ ಕೈಯಲ್ಲಿ ಇಟ್ಟಳು.

"ನಾಕ" ಅಂದಳು.

ಆವತ್ತಿನ ಪುಟದಲ್ಲಿ ತಾರೀಖು ಮಾತ್ರ ಇದೆ.

ಈಗ ಮೂರೂ ಇಪ್ಪತ್ತು. ಒಳಗೆ ಸಾಮಾನು ಸುರಿದ ಸದ್ದಾಯಿತು, ಎದ್ದಿದ್ದಾಳೆ. ಕೊನೆಯ ಒಂದು ಮಾತು. ಕಪ್ಪು ಚೌಕಡಿಯ ಮೂಲೆ ಹರಿಯುತ್ತಾ ಬಂದಿದೆ. ಅದು ಯಾರ ಸೀರೆ ಎಂದು ಆಯಿಯನ್ನು ಒಮ್ಮೆ ಕೇಳಿದ್ದೆ. "ಹೇಳ್ತೀನಿ ತಗೋ" ಅಂದವರು ಹೇಳಲೇ ಇಲ್ಲ. ಕಮಲಾಪುರದಲ್ಲಿ ಆ ಕೌದಿಯ ಮೇಲೆ ಆಡಿದವರು, ಆ ತುಂಡು ಕೊಟ್ಟ ತಾಯಿಯನ್ನು ಬಲ್ಲವರು ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಯಾವ ಮೂಲೆ ಹಿಡಿದಿದ್ದಿರಿ ಎಂಬುದನ್ನೂ ತಿಳಿಸಿರಿ.