ಯಾರೂ ಹೊಲಿಸದ ರವಿಕೆ

“ಹೊಲಿಸೋಕಾ, ಕೊಡೋಕಾ?”

ಹೊಳೆನರಸೀಪುರದ ಮ್ಯಾಚಿಂಗ್ ಸೆಂಟರಿನಲ್ಲಿ ಅಮ್ಮ ರವಿಕೆ ಬಟ್ಟೆ ಕೇಳಿದ ಕೂಡಲೇ ಅಂಗಡಿಯವರು ಹಾಗೆಂದರು. ನನಗೆ ಅರ್ಥವಾಗಲಿಲ್ಲ. ಅಮ್ಮನಿಗೆ ಆಗಿತ್ತು. “ಕೊಡೋಕೆ,” ಎಂದರು. ನಮ್ಮ ಗೃಹಪ್ರವೇಶಕ್ಕೆ ಬರುವ ಹೆಂಗಸರಿಗೆ ಅರಿಸಿನ ಕುಂಕುಮದ ಜೊತೆ ಕೊಡಬೇಕಿತ್ತು.

ಕೊಡುವ ಬಟ್ಟೆಯ ಕಟ್ಟೇ ಬೇರೆ. ಮಡಿಕೆ ಬಿಚ್ಚದಿದ್ದರೆ ಬಲು ಚೆಂದ. ಬಿಚ್ಚಿ ಬೆಳಕಿಗೆ ಹಿಡಿದರೆ ಎದುರಿನ ಬೀದಿ ಕಾಣುತ್ತಿತ್ತು; ಅಳತೆಯೂ ಕಡಿಮೆ.

ಅಷ್ಟರಲ್ಲಿ ಅರಕಲಗೂಡಿನ ಕಡೆಯ ಹೆಂಗಸೊಬ್ಬರು ಅಂಥದ್ದೇ ಹಸಿರು ತುಂಡೊಂದನ್ನು ಹಿಡಿದು ಬಂದರು. ಯಾರದೋ ಮನೆಯಲ್ಲಿ ಕೊಟ್ಟದ್ದನ್ನು, ಮಗಳ ಮದುವೆಗೆ ಉಡುವ ಸೀರೆಗೆ ಒಪ್ಪುತ್ತದೆಂದು ಎತ್ತಿಟ್ಟಿದ್ದರಂತೆ. ಮದುವೆ ನಾಳಿದ್ದು. ಬಟ್ಟೆ ಸಾಲದೆಂದು ಟೈಲರ್ ಇವತ್ತು ವಾಪಸು ಕೊಟ್ಟಿದ್ದ.

“ಅಯ್ಯೋ, ಇದನ್ನ ಹೊಲಿಸೋಕೆ ಹೋಗಿದ್ರಾ? ಇದು ಕೊಡೋ ಪೀಸ್ ಕಣಕ್ಕ!” ಅಂಗಡಿಯವರು ನಕ್ಕುಬಿಟ್ಟರು.

“ಅಂಗಾರೆ ಕೊಟ್ಟೋರ್ಗೂ ಗೊತ್ತಿತ್ತಾ, ಸಾಲಾಕಿಲ್ಲ ಅಂತ?”

“ಕೇಳೇ ತಗಂಡೋಗಿರ್ತಾರೆ.”

ಆಕೆ ಅಮ್ಮನ ಮುಂದಿದ್ದ ಕಟ್ಟನ್ನು ನೋಡಿದರು, ಆಮೇಲೆ ಅಮ್ಮನನ್ನು. ಅಮ್ಮ ಅಂಗಡಿಯಲ್ಲಿ ತೂಗುಹಾಕಿದ್ದ ಬಳೆಗಳ ಕಡೆ ತಿರುಗಿದರು. ಹೊಲಿಸುವ ಬಟ್ಟೆ ಕೊಂಡು ಟೈಲರ್ ಬಳಿ ಓಡುವ ಮುನ್ನ ಆಕೆ ಹಸಿರು ತುಂಡನ್ನು ನಮ್ಮ ಕಟ್ಟಿನ ಮೇಲಿಟ್ಟರು. “ಇದ್ನೂ ಸೇರ್ಸ್ಕಳಿ ತಾಯಿ. ನಿಮ್ಗೆ ಒಂದು ಕಮ್ಮಿಯಾಗದು ಬ್ಯಾಡ.”

ಗೃಹಪ್ರವೇಶದ ದಿನ ಕುಂಕುಮ ಕೊಟ್ಟು ರವಿಕೆ ಬಟ್ಟೆ ಹಂಚಿದವಳು ನಾನೇ. ಎಲ್ಲರೂ ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡರು. ಹಸಿರು ತುಂಡೂ ಹೋಯಿತು. ಪಡೆದವರು ಅದನ್ನು ಟೈಲರ್ ಬಳಿ ಒಯ್ಯದಿರಲಿ ಎಂಬುದೇ ಹೊಸ ಮನೆಯಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ.